ದಿಗ್ವ್ರತವು ರಾಷ್ಟ್ರಗಳಿಗೂ ಬೇಡವೇ?



ಶ್ರಾವಕನಿಗೆ ಹೇಳಲಾದ ಹನ್ನೆರಡು ವ್ರತಗಳಲ್ಲಿ ಐದು ಅಣುವ್ರತಗಳನ್ನು ನಮ್ಮ ಪಾಠಶಾಲೆಯ ಮಕ್ಕಳೂ ಬೆರಳು ಮಡಚಿ ಹೇಳಬಲ್ಲರು. ಅವುಗಳ ನಂತರ ಬರುವ ಮೂರು ಗುಣವ್ರತಗಳ ಹೆಸರು ಕೇಳಿದರೆ ಮಾತ್ರ ಹಿರಿಯರೂ ಒಬ್ಬರ ಮುಖ ಒಬ್ಬರು ನೋಡುವುದುಂಟು. ಆ ಮೂರರಲ್ಲಿ ಮೊದಲನೆಯದು ದಿಗ್ವ್ರತ. ನಮ್ಮ ಗುಜರಾತಿ ಶ್ವೇತಾಂಬರ ಬಂಧುಗಳು ಇದನ್ನೇ ದಿಶಾಪರಿಮಾಣವೆಂದು ಆರನೆಯ ವ್ರತವಾಗಿ ಎಣಿಸುತ್ತಾರೆ. ಹೆಸರು ಬೇರೆಯಾದರೂ ವಸ್ತು ಒಂದೇ. ಹತ್ತು ದಿಕ್ಕುಗಳಲ್ಲಿಯೂ ಇಂತಿಷ್ಟು ದೂರದಾಚೆಗೆ ನಾನು ಹೋಗಲಾರೆ, ಹೋಗಿ ವ್ಯವಹರಿಸಲಾರೆ ಎಂದು ಜೀವನಪರ್ಯಂತ ಎಲ್ಲೆ ಕಟ್ಟಿಕೊಳ್ಳುವುದೇ ಈ ವ್ರತ. ಸಮುದ್ರ, ನದಿ, ಅಡವಿ, ಬೆಟ್ಟ, ನಾಡು, ಯೋಜನ ಇವುಗಳಲ್ಲಿ ಎಲ್ಲರಿಗೂ ಪರಿಚಿತವಾದುದನ್ನು ಎಲ್ಲೆಯಾಗಿ ಹಿಡಿಯಬೇಕೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಧಿಸಿದ್ದಾರೆ.

ಈ ವ್ರತದ ಮರ್ಮವನ್ನು ವ್ಯಾಪಾರಿಯಾದವನು ಬೇಗ ತಿಳಿಯಬಲ್ಲನು. ಕಾಲಲ್ಲಿ ಕಸುವಿಲ್ಲದವನಿಗೆ, ಕೈಯಲ್ಲಿ ಬಂಡವಾಳವಿಲ್ಲದವನಿಗೆ ಎಲ್ಲೆ ಕಟ್ಟುವ ಅಗತ್ಯವೇ ಬೀಳುವುದಿಲ್ಲ, ಅವನ ದಾರಿದ್ರ್ಯವೇ ಅವನ ಎಲ್ಲೆ. ವ್ರತವನ್ನು ಹೇಳಿದ್ದು ಬಲ್ಲಿದನಿಗೆ, ಹತ್ತು ಊರುಗಳಲ್ಲಿ ಅಡತಿ ಅಂಗಡಿಯುಳ್ಳವನಿಗೆ, ಎಲ್ಲಿಗೆ ಬೇಕಾದರೂ ಹೋಗುವ ಸಾಮರ್ಥ್ಯ ಪಡೆದವನಿಗೆ. ಅವನು ಹೋದಲ್ಲೆಲ್ಲ ಅವನ ಲೋಭವೂ ಹೋಗುತ್ತದೆ, ಮಾನವೂ ಹೋಗುತ್ತದೆ. ಎಲ್ಲೆಯ ಆಚೆಗಿರುವ ಜೀವರಾಶಿಗೆ ಅವನಿಂದಾಗುವ ಹಿಂಸೆ ನಿಂತುಹೋಗುವ ಕಾರಣ, ಆ ಪ್ರದೇಶದ ಮಟ್ಟಿಗೆ ಅಣುವ್ರತಿಯೂ ಮಹಾವ್ರತಿಗೆ ಸಮಾನನೆಂದು ಆಚಾರ್ಯರು ಕೊಂಡಾಡಿದ್ದಾರೆ.

ಬಲವುಳ್ಳ ಗೃಹಸ್ಥನಿಗೆ ಸಲ್ಲುವ ಈ ಮಾತು ಬಲವುಳ್ಳ ರಾಷ್ಟ್ರಕ್ಕೆ ಸಲ್ಲುವುದಿಲ್ಲವೇ? ಸ್ವಾಧ್ಯಾಯಕ್ಕೆ ಬರುವ ನಮ್ಮ ತರುಣರು ಈಚೆಗೆ ಕೇಳುವ ಪ್ರಶ್ನೆ ಇದೇ ಜಾತಿಯದು. ಪರದೇಶಗಳಲ್ಲಿ ವರ್ಷಗಟ್ಟಲೆ ಕಾಳಗ ನಡೆದಿದೆ, ದಿನವೂ ಜನ ಸಾಯುತ್ತಿದ್ದಾರೆ, ಶಕ್ತಿಶಾಲಿಯಾದ ದೇಶವೊಂದು ನಡುವೆ ಹೋಗಿ ಏಕೆ ನಿಲ್ಲಿಸಬಾರದು ಎನ್ನುತ್ತಾರೆ ಕೆಲವರು. ಪರರ ಮನೆಯ ಜಗಳ ನಮಗೇಕೆ, ನಾವು ಅಹಿಂಸಾವಾದಿಗಳು ಎನ್ನುತ್ತಾರೆ ಇನ್ನು ಕೆಲವರು. ಎರಡೂ ಪಕ್ಷದವರು ಧರ್ಮದ ಹೆಸರನ್ನೇ ಎತ್ತುವುದರಿಂದ ಧರ್ಮವು ಏನು ಹೇಳುತ್ತದೆಂದು ತುಸು ಸಾವಕಾಶವಾಗಿ ನೋಡುವುದು ಉಚಿತ. ನಾನು ಪಂಡಿತನಲ್ಲ. ಮೆಟ್ರಿಕ್ ಆದ ಮೇಲೆ ತಕ್ಕಡಿ ಹಿಡಿದವನು. ಸ್ವಾಧ್ಯಾಯದಲ್ಲಿ ಕೇಳಿದ್ದನ್ನೂ ಪೇಟೆಯಲ್ಲಿ ಕಂಡದ್ದನ್ನೂ ಒಂದೆಡೆ ಇಟ್ಟು ಹೇಳುತ್ತಿದ್ದೇನೆ. ಕನ್ನಡ ಓದಲು ಬಾರದ ಮನೆಯ ಮಕ್ಕಳಿಗೆ ಹಿರಿಯರು ಇದನ್ನು ಮರಾಠಿಯಲ್ಲಿಯೋ ಹಿಂದಿಯಲ್ಲಿಯೋ ಬಿಡಿಸಿ ಹೇಳಬೇಕಾಗಿ ಪ್ರಾರ್ಥನೆ.

ಮೊದಲು ಎರಡನೆಯ ಪಕ್ಷದವರ ಮಾತನ್ನು ತೆಗೆದುಕೊಳ್ಳೋಣ. ಎಲ್ಲೆ ಕಟ್ಟಿಕೊಂಡು ಮನೆಯಲ್ಲಿ ಕುಳಿತರೆ ಪಾಪದಿಂದ ಪಾರಾದೆವೇ? ಆಫ್ರಿಕಾದ ರವಾಂಡಾ ದೇಶದಲ್ಲಿ 1994ರ ಏಪ್ರಿಲ್ ತಿಂಗಳಲ್ಲಿ ಹುಟೂ ಜನರ ಸರ್ಕಾರಿ ಪಡೆಗಳೂ ಗುಂಪುಗಳೂ ಟುಟ್ಸಿ ಜನರನ್ನು ಮನೆಮನೆ ಹೊಕ್ಕು ಕೊಲ್ಲತೊಡಗಿದಾಗ, ಅಲ್ಲಿ ವಿಶ್ವಸಂಸ್ಥೆಯ ಸುಮಾರು 2,500 ಸೈನಿಕರಿದ್ದರು. ಬೆಲ್ಜಿಯಂ ದೇಶದ ಹತ್ತು ಸೈನಿಕರು ಹತರಾದ ಮೇಲೆ ಆ ದೇಶ ತನ್ನವರನ್ನು ಕರೆಸಿಕೊಂಡಿತು. ಏಪ್ರಿಲ್ 21ರಂದು ಭದ್ರತಾ ಮಂಡಳಿಯು ಉಳಿದ ಪಡೆಯನ್ನು 270 ಜನರಿಗೆ ಇಳಿಸುವ ನಿರ್ಣಯ ಮಾಡಿತು. ನೂರು ದಿನಗಳಲ್ಲಿ ಸುಮಾರು ಎಂಟು ಲಕ್ಷ ಜನ ಹತರಾದರು. ಅಮೆರಿಕದ ಅಧ್ಯಕ್ಷರಾಗಿದ್ದ ಬಿಲ್ ಕ್ಲಿಂಟನ್ 1998ರಲ್ಲಿ ಆ ದೇಶದ ರಾಜಧಾನಿ ಕಿಗಾಲಿಗೆ ಹೋಗಿ, ತಾವು ಮಾಡಬೇಕಾದಷ್ಟನ್ನು ಮಾಡಲಿಲ್ಲವೆಂದು ಒಪ್ಪಿಕೊಂಡರು. ಹೋಗದೆ ಉಳಿದುದನ್ನು ಇಲ್ಲಿ ಅಹಿಂಸೆಯೆಂದು ಕರೆಯಲು ಯಾವ ಶ್ರಾವಕನಿಗೂ ನಾಲಗೆ ಏಳದು.

ನಮ್ಮ ತತ್ತ್ವಾರ್ಥಸೂತ್ರದಲ್ಲಿ ನಾಲ್ಕು ಭಾವನೆಗಳನ್ನು ಹೇಳಿದೆ. ಸಕಲ ಜೀವಿಗಳಲ್ಲಿ ಮೈತ್ರಿ, ಗುಣಾಧಿಕರಲ್ಲಿ ಪ್ರಮೋದ, ಕ್ಲೇಶಪಡುವವರಲ್ಲಿ ಕಾರುಣ್ಯ, ತಿದ್ದಲಾಗದವರಲ್ಲಿ ಮಾಧ್ಯಸ್ಥ್ಯ. ಮಾಧ್ಯಸ್ಥ್ಯವನ್ನು ಹೇಳಿದ್ದು ಹೊಡೆಯುವವನ ವಿಷಯದಲ್ಲಿ, ಹೊಡೆತ ತಿನ್ನುವವನ ವಿಷಯದಲ್ಲಿ ಅಲ್ಲ. ಅವನ ವಿಷಯದಲ್ಲಿ ಹೇಳಿದ್ದು ಕಾರುಣ್ಯ. ಈ ಎರಡನ್ನು ಅದಲುಬದಲು ಮಾಡಿ, ಸಾಯುವವರ ಬಗ್ಗೆ ಮಾಧ್ಯಸ್ಥ್ಯ ತಾಳುವುದು ಸೋಮಾರಿಯ ಅಹಿಂಸೆ. ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ಕಡೆಯಿಸಿದ ಚಾವುಂಡರಾಯನು ಗಂಗರ ಸೇನಾಪತಿಯಾಗಿ ಯುದ್ಧಗಳನ್ನು ಮಾಡಿದವನೇ ಎಂಬುದನ್ನೂ ಮರೆಯಬಾರದು. ಮೈಮೇಲೆ ಬಂದುದನ್ನು ತಡೆಯುವಾಗ ಆಗುವ ವಿರೋಧಿ ಹಿಂಸೆಯನ್ನು ಗೃಹಸ್ಥನು ಪೂರ್ಣ ಬಿಡಲಾರನೆಂದು ಶಾಸ್ತ್ರವು ಬಲ್ಲದು. ಅದನ್ನು ಹಿಂಸೆಯಲ್ಲವೆಂದು ಮಾತ್ರ ಎಲ್ಲಿಯೂ ಹೇಳಿಲ್ಲ.

1971ರ ನಮ್ಮ ದೇಶದ ನಡೆಯನ್ನು ನಾನು ಈ ವಿರೋಧಿ ಹಿಂಸೆಯ ಬದಿಗೆ ಇಡುತ್ತೇನೆ. ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ನಿರಾಶ್ರಿತರು ನಮ್ಮ ಗಡಿ ದಾಟಿ ಬಂದಿದ್ದರು. ಜಗಳವು ಪರರದಾಗಿ ಉಳಿದಿರಲಿಲ್ಲ, ನಮ್ಮ ಅಂಗಳಕ್ಕೇ ಬಂದಿತ್ತು. ಡಿಸೆಂಬರ್ 3ರಂದು ಆರಂಭವಾದ ಯುದ್ಧ 16ರಂದು ಮುಗಿಯಿತು. ಸುಮಾರು 93,000 ಜನ ಸೆರೆಯಾದರು. ಇದಿಷ್ಟನ್ನು ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ತೋರುವುದು ಅದರ ಮುಂದಿನ ಸಂಗತಿ. 1972ರ ಮಾರ್ಚ್ ತಿಂಗಳಲ್ಲಿ ಭಾರತದ ಸೈನ್ಯ ಢಾಕಾ ಬಿಟ್ಟು ಹಿಂದಿರುಗಿತು. ಗೆದ್ದ ನೆಲದಲ್ಲಿ ಸುಮಾರು ಮೂರು ತಿಂಗಳು ಮಾತ್ರ ಇದ್ದು ಮನೆಗೆ ಬರುವುದು ಬಲ್ಲಿದರಿಗೆ ಸುಲಭವಲ್ಲ.

ಆದರೆ ಅದೇ ದೇಶ, ಹದಿನಾರು ವರ್ಷಗಳ ಮೇಲೆ ದಕ್ಷಿಣದ ಸಮುದ್ರ ದಾಟಿ ಮತ್ತೊಂದು ಮನೆಯ ಜಗಳಕ್ಕೆ ಹೋಯಿತು. ಪ್ರಶ್ನೆಯ ತಿರುಳಿರುವುದು ಅಲ್ಲಿ. ಅಮೆರಿಕ, ರಷ್ಯಾಗಳನ್ನು ಬೈಯುವುದು ಸುಲಭ, ನಮ್ಮದೇ ಖಾತೆಯನ್ನು ತೆರೆದು ನೋಡುವುದು ಸ್ವಾಧ್ಯಾಯಕ್ಕೆ ಒಪ್ಪುವ ಕ್ರಮವಾದ್ದರಿಂದ ಶ್ರೀಲಂಕೆಯ ಸಂಗತಿಯನ್ನು ವಿಸ್ತಾರವಾಗಿ ಹೇಳುವೆನು.

1983ರ ಜುಲೈ ತಿಂಗಳಲ್ಲಿ ಜಾಫ್ನಾ ಬಳಿ ತಮಿಳು ಉಗ್ರರು 13 ಸೈನಿಕರನ್ನು ಕೊಂದರು. ಅದರ ಸೇಡಿಗಾಗಿ ಕೊಲಂಬೋ ಮೊದಲಾದ ಕಡೆ ನಿರಪರಾಧಿ ತಮಿಳರ ಮೇಲೆ ಭೀಕರ ಗಲಭೆಗಳಾದವು. ಅಂಗಡಿಗಳು ಬೆಂದವು, ಸಾವಿರಾರು ಜನ ದೋಣಿ ಹತ್ತಿ ತಮಿಳುನಾಡಿಗೆ ಬಂದರು. ಅವರಿಗೆ ನಾವು ನೆರಳು ಕೊಟ್ಟೆವು. ಅದು ಅಭಯದಾನ, ನಾಲ್ಕು ದಾನಗಳಲ್ಲಿ ಅದಕ್ಕೆ ಹಿರಿಯ ಸ್ಥಾನ. ಆದರೆ ಅದೇ ಕೈಯಿಂದ ಇನ್ನೊಂದನ್ನೂ ಕೊಟ್ಟೆವು. ಉಗ್ರ ತರುಣರ ಗುಂಪುಗಳಿಗೆ ನಮ್ಮ ನೆಲದಲ್ಲಿಯೇ ಶಸ್ತ್ರಾಭ್ಯಾಸ ನಡೆಯಿತು, ಆಯುಧಗಳೂ ಸಂದವು. ರಾಜೀವ ಗಾಂಧಿಯವರ ಹತ್ಯೆಯ ಹಿನ್ನೆಲೆ ಅರಿಯಲು ನೇಮಿಸಿದ ನ್ಯಾಯಮೂರ್ತಿ ಮಿಲಾಪಚಂದ ಜೈನ್ ಅವರ ಆಯೋಗದ 1997ರ ಮಧ್ಯಂತರ ವರದಿಯಲ್ಲಿ ಈ ಸಂಗತಿ ಬಂದಿದೆ.

ಶಾಸ್ತ್ರದಲ್ಲಿ ಇದಕ್ಕೆ ಹೆಸರಿದೆ. ವಿಷ, ಕತ್ತಿ, ಬೆಂಕಿ ಮೊದಲಾದ ಹಿಂಸೆಯ ಸಾಧನಗಳನ್ನು ಇನ್ನೊಬ್ಬನ ಕೈಗೆ ಕೊಡುವುದು ಹಿಂಸಾದಾನ. ಐದು ಅನರ್ಥದಂಡಗಳಲ್ಲಿ ಅದೂ ಒಂದು. ದಾನವೆಂಬ ಹೆಸರಿದ್ದರೂ ಪುಣ್ಯವಿಲ್ಲದ ದಾನವಿದು. ಆಗಮಗಳಲ್ಲಿ ಶ್ರಾವಕನು ಮಾಡಬಾರದ ವ್ಯಾಪಾರಗಳ ಪಟ್ಟಿಯಲ್ಲಿ ವಿಷ ಮತ್ತು ಶಸ್ತ್ರಗಳ ವಾಣಿಜ್ಯವನ್ನು ಸೇರಿಸಿದ್ದನ್ನು ನಮ್ಮ ಹಿರಿಯರು ಎಷ್ಟು ಕಟ್ಟುನಿಟ್ಟಾಗಿ ಪಾಲಿಸಿದರೆಂಬುದಕ್ಕೆ ನಮ್ಮ ಸೀಮೆಯ ಯಾವ ಪೇಟೆಯನ್ನಾದರೂ ನೋಡಿರಿ, ಸೈತವಾಳ, ಹೂಮಡ, ಕಾಸಾರ, ಚತುರ್ಥ, ಪಂಚಮ ಯಾವ ಪಂಗಡದವರ ಅಂಗಡಿಯಾದರೂ ಸರಿ, ಕಾಳು, ಬಟ್ಟೆ, ಪಾತ್ರೆ ಇವೇ ಕಾಣುತ್ತವೆ.

ದಿಗ್ವ್ರತದ ಬಳಿಕ ದೇಶವ್ರತವೆಂಬುದೊಂದಿದೆ. ಜೀವನಪರ್ಯಂತದ ಎಲ್ಲೆಯೊಳಗೇ ಇಂದಿನ ದಿನಕ್ಕೆ, ಈ ತಿಂಗಳಿಗೆ, ಈ ಚಾತುರ್ಮಾಸಕ್ಕೆ ಎಂದು ಇನ್ನೂ ಕಿರಿದಾದ ಎಲ್ಲೆ ಕಟ್ಟುವುದು. ಇದರ ಅತಿಚಾರಗಳನ್ನು ಸೂತ್ರಕಾರರಾದ ಉಮಾಸ್ವಾತಿಗಳು ಐದೆಂದು ಎಣಿಸಿದ್ದಾರೆ. ಎಲ್ಲೆಯ ಆಚೆಯಿಂದ ವಸ್ತು ತರಿಸುವುದು, ಆಳನ್ನು ಕಳಿಸಿ ಕೆಲಸ ಮಾಡಿಸುವುದು, ಕೆಮ್ಮಿ ಕೂಗಿ ಸದ್ದಿನಿಂದ ಸನ್ನೆ ಮಾಡುವುದು, ರೂಪ ತೋರಿಸಿ ಸೂಚಿಸುವುದು, ಹೆಂಟೆ ಕಲ್ಲು ಮುಂತಾದ ಪುದ್ಗಲವನ್ನು ಎಸೆಯುವುದು. ಚಿಕ್ಕಂದಿನಲ್ಲಿ ಇದನ್ನು ಕೇಳಿದಾಗ, ಮನೆಯೊಳಗೆ ಕುಳಿತು ಹೊರಗೆ ಕಲ್ಲೆಸೆಯುವ ವ್ರತಿಯೂ ಇರುವನೇ ಎಂದು ನಗು ಬರುತ್ತಿತ್ತು. ಈಗ ಪತ್ರಿಕೆ ಓದುವಾಗ ನಗು ಬರುವುದಿಲ್ಲ. ನಾವು ಗಡಿ ದಾಟಿಲ್ಲ ಎನ್ನುತ್ತ ಇನ್ನೊಬ್ಬರ ಮಕ್ಕಳ ಕೈಗೆ ಬಂದೂಕು ಕೊಟ್ಟು ಕಳಿಸುವುದು ಪ್ರೇಷ್ಯಪ್ರಯೋಗವಲ್ಲದೆ ಮತ್ತೇನು? ಮನುಷ್ಯರಿಲ್ಲದ ವಿಮಾನವನ್ನು ಸಾವಿರ ಮೈಲು ದೂರದಿಂದ ಹಾರಿಸಿ ಬಾಂಬು ಕೆಡಹುವುದು ಪುದ್ಗಲಕ್ಷೇಪವಲ್ಲವೇ? ಎರಡು ಸಾವಿರ ವರ್ಷಗಳ ಹಿಂದೆಯೇ ಮನುಷ್ಯನ ಈ ಕಳ್ಳದಾರಿಗಳನ್ನು ಆಚಾರ್ಯರು ಒಂದೊಂದಾಗಿ ಗುರುತಿಸಿಟ್ಟಿದ್ದಾರೆ.

ಮುಂದಿನದನ್ನು ಕೇಳಿರಿ. 1987ರಲ್ಲಿ ಶ್ರೀಲಂಕೆಯ ಸೈನ್ಯ ಜಾಫ್ನಾ ಪ್ರದೇಶವನ್ನು ಮುತ್ತಿದಾಗ ಅಲ್ಲಿಯ ಜನರಿಗೆ ಆಹಾರದ ಕೊರತೆಯಾಯಿತು. ಭಾರತವು ದೋಣಿಗಳಲ್ಲಿ ಕಳಿಸಿದ ಸಾಮಗ್ರಿಯನ್ನು ಜೂನ್ 3ರಂದು ಅವರ ನೌಕಾಪಡೆ ಹಿಂದಕ್ಕೆ ಕಳಿಸಿತು. ಮರುದಿನ ಬೆಂಗಳೂರಿನಿಂದ ಹೊರಟ ಐದು ವಿಮಾನಗಳು ಕಾಳಗದ ವಿಮಾನಗಳ ಬೆಂಗಾವಲಿನಲ್ಲಿ ಜಾಫ್ನಾದ ಮೇಲೆ ಸುಮಾರು 25 ಟನ್ ಆಹಾರ ಔಷಧಿಗಳನ್ನು ಇಳಿಸಿದವು. ಬಿದ್ದದ್ದು ಅನ್ನವೇ. ಆಹಾರದಾನ, ಔಷಧದಾನಗಳನ್ನು ಅಲ್ಲಗಳೆಯಲಾರೆವು. ಆದರೆ ಕತ್ತಿ ಹಿರಿದವನ ಕಾವಲಿನಲ್ಲಿ ನೆರೆಮನೆಯ ಮಾಡಿನ ಮೇಲಿಂದ ಇಳಿಸಿದ ಅನ್ನವನ್ನು ಮನೆಯ ಯಜಮಾನನು ಹೇಗೆ ಕಂಡಾನು ಎಂಬುದನ್ನೂ ಅನೇಕಾಂತವಾದಿಯಾದವನು ಯೋಚಿಸಬೇಕಲ್ಲವೇ?

ಜುಲೈ 29ರಂದು ಕೊಲಂಬೋದಲ್ಲಿ ಪ್ರಧಾನಿ ರಾಜೀವ ಗಾಂಧಿಯವರೂ ಅಧ್ಯಕ್ಷ ಜಯವರ್ಧನೆಯವರೂ ಒಪ್ಪಂದಕ್ಕೆ ಸಹಿ ಹಾಕಿದರು. ಉದ್ದೇಶ ಒಳ್ಳೆಯದಿತ್ತು. ಎಪ್ಪತ್ತೆರಡು ಗಂಟೆಗಳಲ್ಲಿ ಉಗ್ರರು ಆಯುಧ ಒಪ್ಪಿಸಬೇಕು, ಲಂಕೆಯ ಸೈನ್ಯ ಠಾಣೆಗಳಿಗೆ ಮರಳಬೇಕು, ತಮಿಳರಿಗೆ ಪ್ರಾಂತೀಯ ಅಧಿಕಾರ ಸಿಗಬೇಕು. ಆದರೆ ಕರಾರಿನ ಕಾಗದವನ್ನು ವ್ಯಾಪಾರಿಯ ಕಣ್ಣಿನಿಂದ ನೋಡಿದರೆ ಒಂದು ಕೊರತೆ ಥಟ್ಟನೆ ತೋರುತ್ತದೆ. ಜಗಳವಾಡುತ್ತಿದ್ದವರು ಇಬ್ಬರು, ಲಂಕಾ ಸರ್ಕಾರ ಮತ್ತು ಹುಲಿಗಳ ಸಂಘಟನೆ. ಸಹಿ ಹಾಕಿದವರೂ ಇಬ್ಬರೇ, ಆದರೆ ಎರಡನೆಯವನು ಪಂಚನಾಗಿ ಬಂದವನು. ಸಾಲಗಾರನ ಸಹಿಯಿಲ್ಲದ ಪತ್ರದ ಮೇಲೆ ಪಂಚನೇ ಜಾಮೀನು ನಿಂತಂತಾಯಿತು. ಜಾಮೀನು ನಿಂತವನ ಗತಿ ಏನೆಂಬುದನ್ನು ನಮ್ಮ ಪೇಟೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ತೀರಿಸಬೇಕಾದವನು ತೀರಿಸದಿದ್ದರೆ ತೀರಿಸುವ ಹೊಣೆ ಅವನದೇ. ಮರುದಿನ ಗೌರವರಕ್ಷೆಯ ಸಾಲಿನಲ್ಲಿದ್ದ ನಾವಿಕನೊಬ್ಬ ನಮ್ಮ ಪ್ರಧಾನಿಯನ್ನು ಬಂದೂಕಿನ ಹಿಡಿಕೆಯಿಂದ ಹೊಡೆದನು. ಶಕುನ ನಂಬದವರಿಗೂ ಅದು ಅಪಶಕುನವೆನಿಸಿತು.

ಶಾಂತಿಪಾಲನಾ ಪಡೆಯೆಂಬ ಹೆಸರಿನಿಂದ ಮೊದಲು ಹೋದವರು ಕೆಲವು ಸಾವಿರ ಜನ. ಆಯುಧ ಪಡೆಯಲು, ಕದನವಿರಾಮ ನೋಡಿಕೊಳ್ಳಲು ಹೋದವರು ಅವರು. ಹುಲಿಗಳು ಒಪ್ಪಿಸಿದ್ದು ತಮ್ಮಲ್ಲಿದ್ದ ಆಯುಧಗಳ ಒಂದು ಪಾಲು ಮಾತ್ರ. ಅಕ್ಟೋಬರ್ ತಿಂಗಳಲ್ಲಿ ಲಂಕೆಯವರ ಸೆರೆಗೆ ಸಿಕ್ಕ ಹುಲಿಗಳ ನಾಯಕರು ವಿಷ ನುಂಗಿ ಸತ್ತ ಮೇಲೆ ಮಾತು ಮುರಿಯಿತು. ನಮ್ಮ ಪಡೆಯೇ ಜಾಫ್ನಾ ನಗರದ ಮೇಲೆ ಏರಿ ಹೋಗಬೇಕಾಯಿತು. ನಾವೇ ಪಳಗಿಸಿದವರ ಗುಂಡಿಗೆ ನಮ್ಮ ಮಕ್ಕಳು ಎದೆಯೊಡ್ಡಿದರು. ಪಡೆಯ ಸಂಖ್ಯೆ ಏರುತ್ತೇರುತ್ತ ಎಪ್ಪತ್ತು ಸಾವಿರಕ್ಕೂ ಮಿಕ್ಕಿತು.

ದಿಗ್ವ್ರತದ ಐದು ಅತಿಚಾರಗಳಲ್ಲಿ ಕೊನೆಯ ಎರಡನ್ನು ಇಲ್ಲಿ ನೆನೆಯಬೇಕು. ಕ್ಷೇತ್ರವೃದ್ಧಿ, ಎಂದರೆ ಹಾಕಿಕೊಂಡ ಎಲ್ಲೆಯನ್ನು ಸಂದರ್ಭ ನೋಡಿ ಹಿಗ್ಗಿಸುತ್ತ ಹೋಗುವುದು. ಸ್ಮೃತ್ಯಂತರಾಧಾನ, ಎಂದರೆ ಮೊದಲು ಹಾಕಿಕೊಂಡ ಎಲ್ಲೆ ಯಾವುದೆಂಬುದೇ ಮರೆತುಹೋಗುವುದು. ಕಾವಲಿಗೆ ಹೋದವನು ಕಾದಾಳಾದುದು ಮೊದಲನೆಯದು. ಮೂರನೆಯ ವರ್ಷಕ್ಕೆ ಬರುವಷ್ಟರಲ್ಲಿ ತಾವು ಏತಕ್ಕಾಗಿ ಅಲ್ಲಿರುವೆವೆಂಬುದು ಸೈನಿಕನಿಗೂ ಕಳಿಸಿದವರಿಗೂ ಸ್ಪಷ್ಟವಾಗಿ ಉಳಿಯದೆ ಹೋದುದು ಎರಡನೆಯದು.

ಒಂದು ಸಂಗತಿಯನ್ನು ಹೇಳಲು ಮನಸ್ಸಿಲ್ಲ, ಹೇಳದಿದ್ದರೆ ಸತ್ಯಾಣುವ್ರತಕ್ಕೆ ಚ್ಯುತಿ. 1987ರ ಅಕ್ಟೋಬರ್ 21, ದೀಪಾವಳಿ. ಮಹಾವೀರಸ್ವಾಮಿಯ ನಿರ್ವಾಣಕ್ಕೆಂದು ನಾವು ಬಸದಿಯಲ್ಲಿ ದೀಪ ಹಚ್ಚಿ ಲಾಡು ಅರ್ಪಿಸುವ ಹಬ್ಬ. ಅಂದು ಜಾಫ್ನಾದ ಆಸ್ಪತ್ರೆಯೊಳಗೆ ನಮ್ಮ ಪಡೆ ನುಗ್ಗಿತು. ಒಳಗಿನಿಂದ ಗುಂಡು ಹಾರಿತೆಂಬುದು ಸೈನ್ಯದ ಹೇಳಿಕೆ. ಅಂದೂ ಮರುದಿನವೂ ರೋಗಿಗಳು, ವೈದ್ಯರು, ದಾದಿಯರು ಸೇರಿ ಅರವತ್ತಕ್ಕೂ ಹೆಚ್ಚು ಜನ ಮಡಿದರು. ಇದನ್ನು ಮಾಡಿದವರು ಕ್ರೂರಿಗಳ ದೇಶದವರಲ್ಲ, ನಮ್ಮಂಥವರ ಮಕ್ಕಳು, ಶಾಂತಿಯ ಹೆಸರಿನ ಪಟ್ಟಿ ಧರಿಸಿ ಹೋದವರು. ದೂರದ ನೆಲ, ತಿಳಿಯದ ಭಾಷೆ, ಯಾರು ಉಗ್ರನೋ ಯಾರು ಗೃಹಸ್ಥನೋ ಗುರುತು ಹತ್ತದ ಭಯ, ಇವು ಕೂಡಿದಲ್ಲಿ ಸಜ್ಜನನ ಕೈಯೂ ಕೊಲ್ಲುತ್ತದೆ. ಎಲ್ಲೆಯನ್ನು ಮೊದಲೇ ಕಟ್ಟಬೇಕೆಂದು ಆಚಾರ್ಯರು ಹೇಳಿದ್ದು ಇದಕ್ಕಾಗಿ. ಅಲ್ಲಿಗೆ ಹೋದ ಮೇಲೆ ಕಟ್ಟಲು ಆಗುವುದಿಲ್ಲ.

ಅತ್ತ ಲಂಕೆಯ ದಕ್ಷಿಣದಲ್ಲಿ ಭಾರತೀಯರು ನಾಡು ಕಬಳಿಸಲು ಬಂದರೆಂಬ ಕೂಗೆದ್ದು ಸಿಂಹಳ ತರುಣರ ದಂಗೆಯಾಯಿತು, ಭಾರತದ ಸರಕನ್ನು ಬಹಿಷ್ಕರಿಸಿರೆಂದು ಅಂಗಡಿಕಾರರನ್ನು ಬೆದರಿಸಿದರು. (ಅಲ್ಲಿಯ ಅಡಿಗೆಮನೆಗಳಲ್ಲಿ ದೊಡ್ಡ ಉಳ್ಳಾಗಡ್ಡಿಗೆ ಬೊಂಬಾಯಿ ಉಳ್ಳಾಗಡ್ಡಿ ಎಂದೇ ಹೆಸರು. ನಮ್ಮ ಸೊಲ್ಲಾಪುರದ ಪೇಟೆಯವರಿಗೆ ಇದು ಹೊಸ ಸುದ್ದಿಯಲ್ಲ.) 1989ರಲ್ಲಿ ಅಧ್ಯಕ್ಷರಾದ ಪ್ರೇಮದಾಸ ನಮ್ಮ ಪಡೆ ಹೊರಡಲಿ ಎಂದರು. ಅಷ್ಟಕ್ಕೇ ನಿಲ್ಲದೆ, ನಮ್ಮ ಪಡೆಯೊಡನೆ ಕಾದಾಡಲೆಂದು ಹುಲಿಗಳಿಗೇ ಆಯುಧ ಕೊಟ್ಟರು. ಯಾವ ಇಬ್ಬರ ಜಗಳ ಬಿಡಿಸಲು ಹೋಗಿದ್ದೆವೋ ಆ ಇಬ್ಬರೂ ಒಂದಾದುದು ನಮ್ಮನ್ನು ಹೊರಹಾಕುವ ವಿಷಯದಲ್ಲಿ. 1990ರ ಮಾರ್ಚ್ 24ರಂದು ಕೊನೆಯ ತುಕಡಿ ಹಡಗು ಹತ್ತಿತು. 1,100ಕ್ಕೂ ಹೆಚ್ಚು ಸೈನಿಕರು ಅಲ್ಲಿ ಪ್ರಾಣ ತೆತ್ತಿದ್ದರು. ಅವರ ಸ್ಮಾರಕವನ್ನು ಲಂಕೆಯವರೇ ತಮ್ಮ ರಾಜಧಾನಿಯಲ್ಲಿ ಕಟ್ಟಿಸಿದ್ದಾರೆ. 1991ರ ಮೇ 21ರಂದು ಶ್ರೀಪೆರುಂಬುದೂರಿನಲ್ಲಿ ರಾಜೀವ ಗಾಂಧಿಯವರು, 1993ರ ಮೇ 1ರಂದು ಕೊಲಂಬೋದಲ್ಲಿ ಪ್ರೇಮದಾಸ ಅವರು, ಹೀಗೆ ಆಯುಧ ಕೊಟ್ಟ ಎರಡೂ ದೇಶಗಳ ನಾಯಕರು ಒಂದೇ ಸಂಘಟನೆಯ ಆತ್ಮಹತ್ಯಾ ಬಾಂಬಿಗೆ ಬಲಿಯಾದರು. ಇದನ್ನು ಕರ್ಮಫಲವೆಂದು ಬೊಟ್ಟು ಮಾಡಿ ಹೇಳುವ ಅಧಿಕಾರ ನಮಗಿಲ್ಲ. ಸತ್ತವರ ಕರ್ಮ ಕೇವಲಿಗಳಿಗೆ ಗೊತ್ತು. ಹಿಂಸಾದಾನದ ಸರಕು ಪಡೆದವನ ಬಳಿಯೇ ಉಳಿಯುವುದಿಲ್ಲ ಎಂಬಷ್ಟನ್ನು ನಮ್ಮಂಥ ಅಲ್ಪಜ್ಞರೂ ಕಾಣಬಹುದು.

ಅನೇಕಾಂತದ ದೃಷ್ಟಿಯಿಂದ ಇನ್ನೊಂದು ಮಗ್ಗುಲನ್ನೂ ಹೇಳತಕ್ಕದ್ದು. ಆ ಒಪ್ಪಂದದ ಫಲವಾಗಿಯೇ ಲಂಕೆಯ ಸಂವಿಧಾನಕ್ಕೆ 13ನೆಯ ತಿದ್ದುಪಡಿಯಾಯಿತು, ಪ್ರಾಂತೀಯ ಪರಿಷತ್ತುಗಳು ಬಂದವು, ತಮಿಳು ಭಾಷೆಗೂ ಆಡಳಿತ ಭಾಷೆಯ ಸ್ಥಾನ ದೊರೆಯಿತು. ಇಂದಿಗೂ ಅಲ್ಲಿಯ ತಮಿಳರು ತಮ್ಮ ಹಕ್ಕಿಗೆ ತೋರಿಸುವ ಕಾಗದ ಅದೇ. ಗಡಿಯಲ್ಲಿ ಬದುಕುವ ನಮಗೆ ಮನೆಮಾತಿಗೆ ಸರ್ಕಾರದ ಕಾಗದದಲ್ಲಿ ಸ್ಥಾನವಿರುವುದರ ಬೆಲೆ ಗೊತ್ತು.

ಹಾಗೆಯೇ, ಹೋಗದಿದ್ದ ಕಾಲದ ಲೆಕ್ಕವನ್ನೂ ನೋಡಬೇಕು. ಸೈನ್ಯವಿಲ್ಲದೆ ಬರೀ ಮಾತಿನ ಮಧ್ಯಸ್ಥಿಕೆಗೆ ಬಂದ ನಾರ್ವೆ ದೇಶದ ಪ್ರಯತ್ನದಿಂದ 2002ರ ಫೆಬ್ರವರಿಯಲ್ಲಿ ಕದನವಿರಾಮವಾಗಿ, ಕೆಲವು ವರ್ಷ ಜನ ಉಸಿರಾಡಿದರು. ಅದೂ ಮುರಿಯಿತು. 2009ರ ಮೇ ತಿಂಗಳಲ್ಲಿ ಯುದ್ಧ ಮುಗಿದಾಗ ಕಡಲ ದಂಡೆಯ ಒಂದು ತುಂಡು ನೆಲದಲ್ಲಿ ಹುಲಿಗಳಿಗೂ ಸೈನ್ಯಕ್ಕೂ ನಡುವೆ ಸಿಕ್ಕವರು ಲಕ್ಷಾಂತರ ಜನ. ನಲವತ್ತು ಸಾವಿರದವರೆಗೂ ನಾಗರಿಕರು ಸತ್ತಿರಬಹುದೆಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ ವರದಿ ಮಾಡಿತು. ಆಗ ಯಾವ ಬಲಿಷ್ಠ ರಾಷ್ಟ್ರವೂ ನಡುವೆ ಬರಲಿಲ್ಲ. ಹೋದುದರಿಂದ ಕೈ ಸುಟ್ಟುಕೊಂಡ ನಮ್ಮ ದೇಶವೂ ಬರಲಿಲ್ಲ. ಆದುದರಿಂದ, ಹೋಗಬಾರದು ಎಂಬ ಒಂದೇ ಮಾತಿನಿಂದ ಈ ಪ್ರಶ್ನೆಯನ್ನು ಮುಗಿಸಲು ನಾನು ಸಿದ್ಧನಿಲ್ಲ.

ಹೋದವರೆಲ್ಲರೂ ಕರುಣೆಯಿಂದಲೇ ಹೋದರೆ? ಆದಿಪುರಾಣದಲ್ಲಿ ಭರತ ಚಕ್ರವರ್ತಿಯು ಆರು ಖಂಡಗಳನ್ನು ಗೆದ್ದು ವೃಷಭಾಚಲಕ್ಕೆ ಹೋಗಿ ತನ್ನ ಹೆಸರು ಕೆತ್ತಿಸಬೇಕೆಂದಾಗ ಬಂಡೆಯಲ್ಲಿ ಜಾಗವೇ ಇರಲಿಲ್ಲ. ಹಿಂದೆ ಬಂದುಹೋದ ಚಕ್ರವರ್ತಿಗಳ ಹೆಸರಿನಿಂದ ಬೆಟ್ಟ ತುಂಬಿತ್ತು. ಒಬ್ಬನ ಹೆಸರನ್ನು ಅಳಿಸಿ ತನ್ನದನ್ನು ಬರೆಸಬೇಕಾಯಿತು. ಅಫ್ಘಾನಿಸ್ತಾನದ ಬೆಟ್ಟಗಳೂ ಹಾಗೆಯೇ. ಹತ್ತೊಂಬತ್ತನೆಯ ಶತಮಾನದಲ್ಲಿ ಆಂಗ್ಲರು ಹೋದರು. 1979ರ ಡಿಸೆಂಬರಿನಲ್ಲಿ ಹೋದ ಸೋವಿಯತ್ ಸೈನ್ಯ 1989ರ ಫೆಬ್ರವರಿಯಲ್ಲಿ ಹಿಂದಿರುಗಿತು. 2001ರ ಅಕ್ಟೋಬರಿನಲ್ಲಿ ತಮ್ಮ ದೇಶದ ಮೇಲೆ ದಾಳಿ ಮಾಡಿಸಿದವರನ್ನು ಹಿಡಿಯಲೆಂದು ಹೋದ ಅಮೆರಿಕದವರು 2021ರ ಆಗಸ್ಟ್ 30ರಂದು ಕೊನೆಯ ವಿಮಾನ ಹತ್ತುವ ಹೊತ್ತಿಗೆ, ತಾವು ಇಳಿಸಿದ್ದ ತಾಲಿಬಾನ್ ಪುನಃ ಕಾಬೂಲಿನ ಗದ್ದುಗೆಯಲ್ಲಿತ್ತು. ಇಪ್ಪತ್ತು ವರ್ಷಗಳ ಕ್ಷೇತ್ರವೃದ್ಧಿ. ಭರತನು ಬಂಡೆಯ ಮುಂದೆ ನಿಂತು ನಾಚಿದನೆಂದು ಕವಿಗಳು ಹೇಳುತ್ತಾರೆ. ಈ ಕಾಲದ ಚಕ್ರವರ್ತಿಗಳು ನಾಚಿದ ಸುದ್ದಿ ಬಂದಿಲ್ಲ.

ನನ್ನ ಅಲ್ಪಮತಿಗೆ ತೋಚುವುದಿಷ್ಟು. ಹೋಗಬೇಕೇ ಬೇಡವೇ ಎಂದು ಕೇಳುವ ಮೊದಲು ಆ ಜಗಳಕ್ಕೆ ನಾವು ಸರಕು ಒದಗಿಸುತ್ತಿದ್ದೇವೆಯೇ ಎಂದು ನೋಡಬೇಕು. ಒಂದು ಕೈಯಿಂದ ಬಂದೂಕು ಮಾರುತ್ತ ಇನ್ನೊಂದರಿಂದ ಶಾಂತಿಯ ಕರಾರು ಬರೆಯುವವನ ಪಂಚಾಯಿತಿಗೆ ಯಾವ ಊರಿನಲ್ಲಿ ಮನ್ನಣೆಯಿದೆ? ಹೋಗಲೇಬೇಕಾದರೆ ಜಗಳವಾಡುವ ಇಬ್ಬರೂ ಕರೆದಿರಬೇಕು, ಇಲ್ಲವೇ ರವಾಂಡಾದಂತೆ ನಿಶ್ಶಸ್ತ್ರರನ್ನು ಹುಡುಕಿ ಕೊಲ್ಲುವ ಪ್ರಸಂಗವಿರಬೇಕು. ಇದಕ್ಕೆ ಹಲವು ದೇಶಗಳು ಕೂಡಿ ಹೋಗುವುದು ಲೇಸು, ಒಬ್ಬನೇ ಹೋದರೆ ಅವನ ಮಾನಕಷಾಯವೂ ಜೊತೆಗೆ ಹೋಗುತ್ತದೆ. ಎಷ್ಟು ನೆಲ, ಎಷ್ಟು ದಿನ ಎಂಬ ದೇಶವ್ರತವನ್ನು ಹೊರಡುವ ಮುಂಚೆಯೇ ಪಾರ್ಲಿಮೆಂಟಿನೆದುರು ಬರೆದಿಡಬೇಕು. ಅನ್ನಕ್ಕೆ, ಔಷಧಕ್ಕೆ, ನಿರಾಶ್ರಿತನಿಗೆ ತೆರೆದ ಬಾಗಿಲಿಗೆ ಮಾತ್ರ ಎಲ್ಲೆ ಬೇಡ. ತಮಿಳುನಾಡಿನ ಶಿಬಿರಗಳಲ್ಲಿ 1983ರಿಂದ ಬಂದವರ ಮಕ್ಕಳು, ಮೊಮ್ಮಕ್ಕಳು ಇಂದಿಗೂ ಇದ್ದಾರೆ. ಅಭಯದಾನವೆಂಬುದು ಒಂದು ದಿನದ ಅನ್ನಸಂತರ್ಪಣೆಯಲ್ಲ.

ಭರತ ಬಾಹುಬಲಿಗಳ ಕಥೆಯಲ್ಲಿ ನಾವು ಅಣ್ಣತಮ್ಮಂದಿರನ್ನು ನೆನೆಯುತ್ತೇವೆ, ಮಂತ್ರಿಗಳನ್ನು ಮರೆಯುತ್ತೇವೆ. ಎರಡು ಸೈನ್ಯಗಳು ಎದುರುಬದುರಾಗಿ ನಿಂತಾಗ ನಡುವೆ ಬಂದವರು ಇನ್ನಾವ ದೇಶದ ಚಕ್ರವರ್ತಿಯೂ ಅಲ್ಲ, ಎರಡೂ ಕಡೆಯ ಮಂತ್ರಿಗಳೇ. ಇವರಿಬ್ಬರೂ ಚರಮಶರೀರಿಗಳು, ಇವರಿಗೇನೂ ಆಗದು, ವೃಥಾ ಸಾಯುವವರು ಸೈನಿಕರು ಎಂದು ಅವರು ವಿಚಾರಿಸಿ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಏರ್ಪಡಿಸಿದರು. ಸೋತ ಭರತನು ನಿಯಮ ಮೀರಿ ಚಕ್ರ ಬಿಟ್ಟನೆಂಬುದೂ ಕಥೆಯಲ್ಲಿದೆ. ಆದರೂ ಅಂದು ಸೈನಿಕನೊಬ್ಬನೂ ಸಾಯಲಿಲ್ಲ. ಪರದೇಶದ ಜಗಳಕ್ಕೆ ಹೋಗುವ ಬಲಿಷ್ಠನು ಹುಡುಕಬೇಕಾದುದು ಅಲ್ಲಿಯ ಇಂಥ ಮಂತ್ರಿಗಳನ್ನು. ಲಂಕೆಯಲ್ಲಿ ಅವರೂ ಇದ್ದರು. ಎರಡೂ ಕಡೆಯ ಬಂದೂಕುಗಳು ಮೊದಲು ಅವರನ್ನೇ ಹುಡುಕಿದವು.

ಇದೆಲ್ಲ ದಿಲ್ಲಿ ವಾಷಿಂಗ್ಟನ್‌ಗಳ ಮಾತಾಯಿತು, ನಮ್ಮದೇನು ಎಂದು ಕೇಳುವಿರಾದರೆ, ಜಪಮಾಲೆಯ ಮಣಿಗಳನ್ನು ಎಣಿಸಿರಿ. ಸಂರಂಭ, ಸಮಾರಂಭ, ಆರಂಭ ಮೂರು. ಮನ, ವಚನ, ಕಾಯ ಮೂರು. ಕೃತ, ಕಾರಿತ, ಅನುಮೋದಿತ ಮೂರು. ಕಷಾಯಗಳು ನಾಲ್ಕು. ಗುಣಿಸಿದರೆ ನೂರಾ ಎಂಟು. ಇದರಲ್ಲಿ ಮೂರನೆಯ ಒಂದು ಪಾಲು, ಮೂವತ್ತಾರು ಮಣಿ, ಬರೀ ಅನುಮೋದನೆಯದು. ಕೈಯಿಂದ ಮಾಡದೆ, ಮಾಡಿಸದೆ, ಮಾಡಿದವನನ್ನು ಭಲೇ ಎಂದುದಕ್ಕೆ. ಟಿ.ವಿ.ಯಲ್ಲಿ ಬಾಂಬು ಬಿದ್ದಾಗ ಮಕ್ಕಳು ಚಪ್ಪಾಳೆ ತಟ್ಟಿದರೆ ನಾವು ಸುಮ್ಮನಿರುತ್ತೇವೆ. 2022ರ ಫೆಬ್ರವರಿಯಲ್ಲಿ ಉಕ್ರೇನಿನ ಯುದ್ಧ ಸಿಡಿದಾಗ ಪೇಟೆಯಲ್ಲಿ ಎದ್ದ ಮೊದಲ ಪ್ರಶ್ನೆ ಎಷ್ಟು ಜನ ಸತ್ತರೆಂಬುದಲ್ಲ, ಸೂರ್ಯಕಾಂತಿ ಎಣ್ಣೆ ಎಷ್ಟಕ್ಕೆ ಏರಿತೆಂಬುದು. ದಾಸ್ತಾನು ಇದ್ದವರ ಮುಖ ಅರಳಿತು. ವ್ಯಾಪಾರಿಗೆ ಭಾವ ಕೇಳುವುದು ತಪ್ಪಲ್ಲ, ಅರಳಿದ್ದು ರೌದ್ರಧ್ಯಾನದ ಲಕ್ಷಣ.

ಉತ್ಸವದ ಕೊನೆಯ ದಿನ ಶಾಂತಿಧಾರೆಯ ನಂತರ ವ್ರತಸ್ವೀಕಾರದ ಕಾರ್ಯಕ್ರಮವಿರುತ್ತದೆ. ಈ ಸಲ ಐದು ಅಣುವ್ರತಗಳೊಡನೆ ದಿಗ್ವ್ರತವನ್ನೂ ಸ್ವೀಕರಿಸಬಯಸುವ ದಂಪತಿಗಳು ತಮ್ಮ ಎಲ್ಲೆಯನ್ನು ಕನ್ನಡ, ಮರಾಠಿ, ಗುಜರಾತಿ ಯಾವ ಲಿಪಿಯಲ್ಲಾದರೂ ಕಾಗದದ ಮೇಲೆ ಬರೆದು ತರಬೇಕು. ಬಾಯಿಮಾತಿನ ಎಲ್ಲೆ ವರ್ಷ ತುಂಬುವುದರೊಳಗೆ ಮರೆತುಹೋಗುತ್ತದೆಂಬುದು ಹಿರಿಯರ ಅನುಭವ.